ಇನ್ನೂರ ಹತ್ತು ಮೀಟರ್

ಫರಂಗೀಸ್ ಚೀತ್‌ಸಾಜ್ ಇಸ್ಫಹಾನಿನ ಹುಡುಗಿಯರ ಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಆಟದ ಟೀಚರ್. ಓಟದ ಪರೀಕ್ಷೆಯ ದಿನ ತಪ್ಪದೆ ಹೊಟ್ಟೆನೋವು ಬರುವ ಹುಡುಗಿಯರನ್ನು ಅವಳು ಗೇಟಿನಲ್ಲೇ ಗುರುತಿಸಿಬಿಡುತ್ತಿದ್ದಳು. ಯಾರ ಕಾಲು ನಿಜವಾಗಿ ಉಳುಕಿದೆ, ಯಾರದು ಬರೀ ನಾಟಕ ಎಂದು ಹೇಳಲು ಅವಳಿಗೆ ನಾಲ್ಕು ಹೆಜ್ಜೆ ನೋಡಿದರೆ ಸಾಕು. ಹಾಗಿದ್ದವಳಿಗೆ ಮೂವತ್ತಮೂರನೆಯ ವಯಸ್ಸಿನಲ್ಲಿ, ಒಂದು ಶುಕ್ರವಾರ ಬೆಳಗ್ಗೆ ಸೊಫ್ಫೆ ಬೆಟ್ಟ ಇಳಿಯುವಾಗ, ತನ್ನ ಬಲಗಾಲೇ ಕಲ್ಲಿಗೆ ತಾಗಿ ತಾಗಿ ಬರುತ್ತಿರುವುದು ತಿಳಿಯಲು ಇಡೀ ಇಳಿಜಾರು ಬೇಕಾಯಿತು. ಗೆಳತಿಯರು ಶೂ ಸಡಿಲವಾಗಿದೆ ಅಂದರು. ಅವಳೂ ಹಾಗೇ ಅಂದುಕೊಂಡಳು. ಆಮೇಲೆ ಒಂದು ಕಣ್ಣು ಮಸುಕಾಯಿತು, ಆಮೇಲೆ ತಲೆಯ ಚಿತ್ರ ತೆಗೆಸಿದರು, ಆಮೇಲೆ ಡಾಕ್ಟರು ಮಿದುಳು, ಬೆನ್ನುಹುರಿಯ ನರಗಳನ್ನು ಕೆಡಿಸುವ ಕಾಯಿಲೆಯೊಂದರ, ಎಂ.ಎಸ್. ಎಂಬ ಎರಡಕ್ಷರದ ಹೆಸರು ಹೇಳಿದರು.

ಅದಾಗಿ ಹನ್ನೊಂದು ವರ್ಷ. ವರ್ಷಕ್ಕೊಮ್ಮೆ ಆಸ್ಪತ್ರೆಯ ನರರೋಗ ವಿಭಾಗದಲ್ಲಿ ಅವಳ ಅಳತೆಯಾಗುತ್ತದೆ. ಸೊನ್ನೆಯಿಂದ ಹತ್ತರವರೆಗಿನ ಅಳತೆ. ಸೊನ್ನೆ ಎಂದರೆ ಏನೂ ಆಗಿಲ್ಲ. ಹತ್ತು ಎಂದರೆ ಈ ಕಾಯಿಲೆಯಿಂದಲೇ ಸಾವು. ನಡುವೆ ಅರ್ಧ ಅರ್ಧ ಅಂಕದ ಮೆಟ್ಟಿಲುಗಳು. ಕೆಳಗಿನ ಮೆಟ್ಟಿಲುಗಳಲ್ಲಿ ಕಣ್ಣು, ಕೈ, ಸ್ಪರ್ಶ, ಮೂತ್ರ ಎಲ್ಲಕ್ಕೂ ಬೆಲೆಯಿದೆ. ನಾಲ್ಕು ತಲುಪಿತೆಂದರೆ ಮಾತ್ರ ಎಲ್ಲವೂ ಕಾಲಿನ ಮೇಲೆ ಬಂದು ನಿಲ್ಲುತ್ತದೆ. ಕೂರದೆ, ಏನನ್ನೂ ಹಿಡಿಯದೆ ಐನೂರು ಮೀಟರ್ ನಡೆದರೆ ನಾಲ್ಕು. ಮುನ್ನೂರು ನಡೆದರೆ ನಾಲ್ಕೂವರೆ, ಇನ್ನೂರಾದರೆ ಐದು, ನೂರಾದರೆ ಐದೂವರೆ. ನೂರು ಮೀಟರಿಗೇ ಕೋಲು ಬೇಕಾಯಿತೆಂದರೆ ಆರು. ಗಾಲಿಕುರ್ಚಿ ಏಳರಿಂದ ಶುರು.

ಹೋದ ವರ್ಷ ಅವಳಿಗೆ ನಾಲ್ಕೂವರೆ ಸಿಕ್ಕಿತ್ತು. ಸಿಕ್ಕಿತ್ತು ಎಂದೇ ಅವಳು ಹೇಳುತ್ತಿದ್ದದ್ದು. ಆರು ತಿಂಗಳಿಗೊಮ್ಮೆ ರಕ್ತನಾಳಕ್ಕೆ ಏರಿಸುವ ಔಷಧವೊಂದರ ಮೇಲೆ ಅವಳಿದ್ದಳು. ಅದನ್ನು ಮುಂದುವರಿಸಬೇಕೋ ಬೇಡವೋ ಎಂದು ಪ್ರತಿ ವರ್ಷ ಒಂದು ಸಮಿತಿ ಕೂತು ತೀರ್ಮಾನಿಸುತ್ತದೆ. ಆಸ್ಪತ್ರೆಯ ಹಜಾರದಲ್ಲಿ ಸರದಿ ಕಾಯುವ ಹೆಂಗಸರ ಬಾಯಲ್ಲಿ ಆ ಸಮಿತಿಯ ನಿಯಮ ನಾಲ್ಕೇ ಮಾತಿನದು: "ಆರು ಬಿತ್ತೋ, ಔಷಧ ಬಂದ್."

ಆ ವಸಂತದಲ್ಲಿ ಫರಂಗೀಸ್ ಕೋಲು ಹಿಡಿದಿದ್ದಳು. ಮಾವನವರು ಬಿಟ್ಟುಹೋಗಿದ್ದ ಅಕ್ರೋಟು ಮರದ ಕೋಲು. ಬಲಗಾಲು ಸೋತಿದ್ದರಿಂದ ಸರಿಯಾಗಿ ಎಡಗೈಯಲ್ಲೇ ಹಿಡಿಯುತ್ತಿದ್ದಳು; ಅಷ್ಟು ಅವಳಿಗೆ ಗೊತ್ತಿತ್ತು. ಮೊದಲು ಮಾರುಕಟ್ಟೆಗೆ ಮಾತ್ರ, ಆಮೇಲೆ ಬ್ರೆಡ್ಡಿನ ಅಂಗಡಿಗೆ, ಆಮೇಲೆ ಅಂಗಳಕ್ಕೆ. ಶಾಲೆಯಲ್ಲಿ ಮೊಣಕಾಲು ನೋವು ಎಂದು ಹೇಳಿದ್ದಳು. ಡಾಕ್ಟರಿಗೆ ಏನೂ ಹೇಳಿರಲಿಲ್ಲ.

"ಹೇಳೋದ್ರಲ್ಲಿ ಏನಿದೆ?" ಅಂದ ಗಂಡ ಹುಶಂಗ್. ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಮಾತು ಕಮ್ಮಿ, ಕೈಗೆ ಸದಾ ಎಣ್ಣೆ. "ಮಿಷೀನು ಕಟಕಟ ಅಂತಿದ್ರೆ ಕಟಕಟ ಅಂತಿದೆ ಅಂತಾನೇ ಹೇಳ್ಬೇಕು. ಇಲ್ದಿದ್ರೆ ರಿಪೇರಿ ಮಾಡೋನು ಎಲ್ಲಿ ಅಂತ ಹುಡುಕ್ತಾನೆ?"

"ನಾನು ನಿನ್ನ ಹೊಲಿಗೆ ಮಿಷೀನಲ್ಲ. ಆರು ಅಂತ ಬರೆದ್ರೆ ಮುಗೀತು. ಔಷಧ ಹೋಗುತ್ತೆ, ನಾನೂ ಹೋಗ್ತೀನಿ. ನಿನಗೆ ಅಡುಗೆ ಮಾಡಿಕೊಳ್ಳೋಕೆ ಬರುತ್ತಾ?"

"ಮೊಟ್ಟೆ ಬರುತ್ತೆ."

"ಹಾಗಾದ್ರೆ ಸಾಯೋವರೆಗೂ ಮೊಟ್ಟೆ ತಿನ್ನು."

ಹುಶಂಗ್ ನಕ್ಕ. ಅವಳು ನಗಲಿಲ್ಲ. ಮರುದಿನ ಬೆಳಗ್ಗೆ ಐದೂವರೆಗೆ ಅವನನ್ನು ಎಬ್ಬಿಸಿ ನದಿಯ ದಂಡೆಗೆ ಕರೆದುಕೊಂಡು ಹೋದಳು. ನದಿ ಎಂದಿನಂತೆ ಒಣಗಿತ್ತು; ಸೇತುವೆಯ ಕಮಾನುಗಳ ಕೆಳಗೆ ಬಿರುಕು ಬಿಟ್ಟ ಮಣ್ಣು. ದಂಡೆಯ ಕಲ್ಲುಹಾದಿಯಲ್ಲಿ ಹುಶಂಗ್ ಟೇಪು ಹಿಡಿದು ಐವತ್ತು ಮೀಟರ್ ಅಳೆದ. ಎರಡು ತುದಿಗೂ ಸೀಮೆಸುಣ್ಣದ ಗೆರೆ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ, ಕೋಲಿಲ್ಲದೆ.

ಮೊದಲ ದಿನ ಅರವತ್ತು ಮೀಟರಿಗೆ ಕಾಲು ನಿಂತಿತು. ನಿಂತಿತು ಎನ್ನುವುದಕ್ಕಿಂತ, ಕಾಲು ಇನ್ನು ತನ್ನದಲ್ಲ ಎನ್ನುವ ಹಾಗಾಯಿತು. ಯಾರದೋ ಒದ್ದೆ ಚೀಲವನ್ನು ಸೊಂಟಕ್ಕೆ ಕಟ್ಟಿಕೊಂಡು ಎಳೆದ ಹಾಗೆ. ಆದರೆ ತರಬೇತಿ ಕೊಡುವುದು ಅವಳ ಕಸುಬು. ದೇಹ ಬಿಸಿಯಾದರೆ ಕಾಲು ಬೇಗ ಸೋಲುತ್ತದೆ ಎಂದು ಅವಳಿಗೆ ಅನುಭವದಿಂದ ಗೊತ್ತಿತ್ತು. ಹಾಗಾಗಿ ಕತ್ತಿನ ಸುತ್ತ ಮಂಜುನೀರಲ್ಲಿ ಅದ್ದಿದ ಬಟ್ಟೆ ಕಟ್ಟಿ, ಮೇಲೆ ತಲೆವಸ್ತ್ರ ಹೊದ್ದಳು. ದಿನ ಬಿಟ್ಟು ದಿನ ನಡೆದಳು. ತಿರುಗುವ ಜಾಗದಲ್ಲಿ ಬಲ ಹೆಚ್ಚು ಖರ್ಚಾಗುತ್ತದೆಂದು ಕಂಡುಕೊಂಡು ಎಡಗಾಲಿನ ಮೇಲೆ ತಿರುಗುವುದನ್ನು ಅಭ್ಯಾಸ ಮಾಡಿದಳು. ಮೂರನೆಯ ವಾರಕ್ಕೆ ನೂರ ಎಂಬತ್ತು ಮುಟ್ಟಿದಳು. ಆ ದಿನಗಳಲ್ಲಿ ಮನೆಗೆ ಬಂದವಳು ಸಂಜೆಯವರೆಗೆ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಪರೀಕ್ಷೆಗೆ ಮುಂಚಿನ ಮೂರು ದಿನ ಬಚ್ಚಲಿಗೆ ಬಿಟ್ಟರೆ ಎಲ್ಲಿಗೂ ಹೆಜ್ಜೆ ಇಡದೆ ಬಲವನ್ನೆಲ್ಲ ಕೂಡಿಟ್ಟಳು. ಹುಶಂಗ್ ಮೂರು ದಿನವೂ ಮೊಟ್ಟೆ ಮಾಡಿದ.

ಮಂಗಳವಾರ ಬೆಳಗ್ಗೆ ಎಂಟಕ್ಕೆ, ಎಲ್ಲರಿಗಿಂತ ಮೊದಲ ಸರದಿ, ಬಿಸಿಲೇರುವ ಮೊದಲು. ಅದನ್ನೂ ಅವಳೇ ಕೇಳಿ ಪಡೆದಿದ್ದಳು. ಆಸ್ಪತ್ರೆಯ ಗೇಟಿನವರೆಗೆ ಕೋಲು ಹಿಡಿದು ಬಂದು, ಅಲ್ಲಿ ಅದನ್ನು ಹುಶಂಗನ ಕೈಗೆ ಕೊಟ್ಟಳು.

"ಎದುರಿನ ಚಹಾದಂಗಡಿಗೆ ಹೋಗಿ ಕೂತ್ಕೋ. ನಾನು ಫೋನ್ ಮಾಡೋವರೆಗೂ ಬರಬೇಡ."

"ಇದನ್ನೇನು ಮಾಡ್ಲಿ?"

"ಮುದುಕನ ಹಾಗೆ ಹಿಡ್ಕೊಂಡು ಕೂತ್ಕೋ. ನಿನಗೆ ಒಪ್ಪುತ್ತೆ."

ಹಜಾರದಲ್ಲಿ ಅವಳಿಗೂ ಮೊದಲೇ ಒಬ್ಬ ಗಂಡಸು ಬಂದಿದ್ದ. ಐವತ್ತರ ಆಸುಪಾಸು, ದಪ್ಪ ಮೀಸೆ, ಬಸ್ ಡ್ರೈವರುಗಳ ನೀಲಿ ಅಂಗಿ. ನೀರಿನ ಯಂತ್ರದವರೆಗೆ ಹೋಗಿ ಬರುವಾಗ ಎಡಗಾಲನ್ನು ಎಳೆಯುತ್ತಿದ್ದ. ಕೂತ. ಸ್ವಲ್ಪ ಹೊತ್ತಿಗೆ ನರ್ಸ್ ಹೆಸರು ಬರೆಸಲು ಕರೆದಳು, ಎದ್ದು ಹೋದ. ಈ ಸಲ ಎಳೆಯುತ್ತಿದ್ದದ್ದು ಬಲಗಾಲು.

ಫರಂಗೀಸಳಿಗೆ ತಡೆಯಲಾಗಲಿಲ್ಲ. ಅವನು ವಾಪಸು ಬಂದು ಪಕ್ಕದ ಕುರ್ಚಿಯಲ್ಲಿ ಕೂತಾಗ ಮೆಲ್ಲಗೆ ಅಂದಳು: "ಯಾವುದಾದ್ರೂ ಒಂದು ಕಾಲು ತೀರ್ಮಾನ ಮಾಡಿಕೊಳ್ಳಿ."

"ಏನಂದ್ರಿ ಅಕ್ಕಾ?"

"ಬರೋವಾಗ ಎಡಗಾಲು ಕುಂಟ್ತಾ ಇತ್ತು. ಈಗ ಬಲಗಾಲು. ಎರಡೂ ಅಂದ್ರೆ ಎರಡೂ ಕುಂಟಿ. ಸರದಿ ಹಾಕ್ಕೊಂಡು ಕುಂಟಬೇಡಿ."

ಅವನ ಮುಖ ಕೆಂಪಾಯಿತು. ಸುತ್ತ ನೋಡಿದ; ಹತ್ತಿರ ಯಾರೂ ಇರಲಿಲ್ಲ. ಆಮೇಲೆ ಮೀಸೆಯ ಅಡಿಯಲ್ಲೇ ನಕ್ಕುಬಿಟ್ಟ. ತನ್ನ ಹೆಸರು ಯದುಲ್ಲಾ ಸಫ್ಫಾರ್, ಇಪ್ಪತ್ತಾರು ವರ್ಷದಿಂದ ಸಿಟಿ ಬಸ್ಸಿನ ಡ್ರೈವರ್, ಐದು ವರ್ಷದಿಂದ ಎಂ.ಎಸ್. ಎಂದ. ಅವನಿಗೆ ಇದ್ದ ಅಂಕ ಮೂರು. ಬೇಗ ನಿವೃತ್ತಿ ಕೊಡಿ ಎಂದು ಕೇಳಿದರೆ, ಮೂರಿಗೆಲ್ಲ ಕೊಡಲಾಗುವುದಿಲ್ಲ, ನೀವು ಚೆನ್ನಾಗಿಯೇ ನಡೆಯುತ್ತೀರಲ್ಲ ಎಂದು ಕಳಿಸಿದ್ದರಂತೆ.

"ಅದಕ್ಕೆ ಕುಂಟೋದು ಕಲಿತಾ ಇದೀನಿ. ನಿಮಗೆ ಹೇಗೆ ಗೊತ್ತಾಯ್ತು? ಡಾಕ್ಟ್ರಾ ನೀವು?"

"ಆಟದ ಟೀಚರ್."

"ಸರಿ ಹೋಯ್ತು. ಹಾಗಾದ್ರೆ ನನಗೂ ಸ್ವಲ್ಪ ಹೇಳಿಕೊಡಿ."

"ಛೀ, ಹೋಗ್ರಿ! ಇಲ್ಲಿ ನಾನು ಸರಿಯಾಗಿ ನಡೆಯೋಕೆ ಸಾಯ್ತಾ ಇದೀನಿ, ಇವರಿಗೆ ಕುಂಟೋದು ಹೇಳಿಕೊಡಬೇಕಂತೆ."

ಅಷ್ಟರಲ್ಲಿ ಅವಳ ಹೆಸರು ಕರೆದರು.

ಡಾಕ್ಟರ್ ನೀಲ್‌ಫರೂಶ್ ಅರವತ್ತು ದಾಟಿದವರು. ತೆಳ್ಳಗೆ, ಸ್ವಲ್ಪ ಬಾಗಿದ ಬೆನ್ನು, ಕನ್ನಡಕವನ್ನು ಹಣೆಗೇರಿಸಿ ಆಮೇಲೆ ಅದನ್ನೇ ಹುಡುಕುವ ಅಭ್ಯಾಸ. ಅವರ ಕೈ ಒಂದೇ ಕ್ರಮದಲ್ಲಿ ಓಡುತ್ತಿತ್ತು. ಬೆರಳು ಆಡಿಸಿ ಕಣ್ಣು ಹಿಂಬಾಲಿಸುವುದನ್ನು ನೋಡಿದರು. ನಾಲಿಗೆ ಚಾಚಿಸಿದರು. ಅಂಗೈ ಮೇಲೆ ಮಾಡಿ ಎರಡೂ ಕೈ ಚಾಚಿ ಕಣ್ಣು ಮುಚ್ಚಿ ಅಂದರು. ಮೊಣಕಾಲಿಗೆ ರಬ್ಬರಿನ ಸುತ್ತಿಗೆ ತಟ್ಟಿದರು. ಬಲಗಾಲು ಬೆಚ್ಚಿ ಹಾರಿತು. ಕಂಪಿಸುವ ಕಬ್ಬಿಣದ ಕವೆಯನ್ನು ಹೆಬ್ಬೆರಳಿಗೆ ಒತ್ತಿ, "ಕಂಪನ ನಿಂತಾಗ ಹೇಳಿ" ಅಂದರು. ಬಲಗಾಲಲ್ಲಿ ಅದು ಶುರುವಾದದ್ದೇ ಅವಳಿಗೆ ತಿಳಿದಿರಲಿಲ್ಲ. ಒಂದು ಅಂದಾಜಿನ ಮೇಲೆ "ಈಗ" ಅಂದಳು. ಮೂತ್ರದ ವಿಷಯ ಕೇಳಿದರು. ನಿನ್ನೆ ಏನು ಮಾಡಿದಿರಿ ಎಂದು ಕೇಳಲಿಲ್ಲ, ಮನೆಯಿಂದ ಹೇಗೆ ಬಂದಿರಿ ಎಂದೂ ಕೇಳಲಿಲ್ಲ. ಎಲ್ಲಕ್ಕೂ ಕಾಗದದಲ್ಲಿ ಚಿಕ್ಕ ಚಿಕ್ಕ ಅಂಕ.

"ಬನ್ನಿ ಖಾನುಂ," ಎಂದು ಹೆಂಗಸರನ್ನು ಮರ್ಯಾದೆಯಿಂದ ಕರೆಯುವ ಹಾಗೆ ಕರೆದರು. "ನಡೆಯೋಣ."

ಆಸ್ಪತ್ರೆಯ ಉದ್ದನೆಯ ಪಡಸಾಲೆ ಸರಿಯಾಗಿ ಮೂವತ್ತೈದು ಮೀಟರ್. ಡಾಕ್ಟರು ಎರಡು ಹೆಜ್ಜೆ ಹಿಂದೆ, ಕೈ ಕಟ್ಟಿಕೊಂಡು, ತಾವೂ ವಾಯುವಿಹಾರಕ್ಕೆ ಬಂದವರ ಹಾಗೆ ನಡೆದರು. ಫರಂಗೀಸಳ ಕತ್ತಿನಲ್ಲಿ ಮಂಜುನೀರಿನ ಬಟ್ಟೆ ಇನ್ನೂ ತಣ್ಣಗಿತ್ತು. ಒಂದು ಸುತ್ತು. ಎರಡು. ಮೂರರಲ್ಲಿ ನೂರು ದಾಟಿತು. ನಾಲ್ಕರಲ್ಲಿ ಪಾದದ ತುದಿ ಟೈಲ್ಸನ್ನು ಸವರತೊಡಗಿತು. ಅವಳು ಸೊಂಟವನ್ನು ಸ್ವಲ್ಪ ಎತ್ತಿ ಕಾಲನ್ನು ಹೊರಗಿನಿಂದ ಬಳಸಿ ತಂದಳು. ಐದರಲ್ಲಿ ಅವಳ ಕಿವಿಯಲ್ಲಿ ತನ್ನದೇ ಹಳೆಯ ದನಿ ಕೇಳುತ್ತಿತ್ತು: ಎತ್ತು, ಎತ್ತು, ಮಂಡಿ ಎತ್ತು. ಆರನೆಯ ಸುತ್ತಿನ ಕೊನೆಗೆ ಗೋಡೆ ಮುಟ್ಟಿ ನಿಂತಳು.

"ಇನ್ನೂರ ಹತ್ತು," ಅಂದರು ಡಾಕ್ಟರು. "ಇನ್ನೂ ಹೋಗ್ತೀರಾ?"

"ಹೋಗಬಹುದು. ಸಾಕು."

ಒಳಗೆ ಬಂದು ಬರೆದುಕೊಂಡರು. "ಐದು. ಹೋದ ವರ್ಷಕ್ಕಿಂತ ಅರ್ಧ ಅಂಕ ಮಾತ್ರ ಏರಿದೆ. ಒಳ್ಳೇದು. ಔಷಧ ಹಿಡಿದಿಟ್ಟಿದೆ ಅಂತಾಯ್ತು. ಇದನ್ನೇ ಮುಂದುವರಿಸೋಣ."

ಅವಳಿಗೆ ಕುಣಿಯುವಷ್ಟು ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ 'ಹಿಡಿದಿಟ್ಟಿದೆ' ಎಂಬ ಮಾತು ಅನ್ನದಲ್ಲಿ ಸಿಕ್ಕ ಕಲ್ಲಿನಂತೆ ಹಲ್ಲಿಗೆ ಸಿಕ್ಕಿತು. ಏನನ್ನು ಹಿಡಿದಿಟ್ಟಿದೆ? ಕೇಳಲಿಲ್ಲ. ಥ್ಯಾಂಕ್ಸ್ ಹೇಳಿ ಹೊರಗೆ ಬಂದಳು.

ಆಸ್ಪತ್ರೆಯ ಹಿಂದಿನ ತೋಟಕ್ಕೆ ಇಳಿಯುವ ಐದು ಮೆಟ್ಟಿಲು. ಮೂರನೆಯದರಲ್ಲಿ ಬಲಗಾಲು ಬರಲಿಲ್ಲ. ಕೂಡಿಟ್ಟಿದ್ದ ಬಲವೆಲ್ಲ ಒಮ್ಮೆಲೇ ಸೋರಿಹೋಗಿತ್ತು. ಬೀಳುವ ಮೊದಲು ಕಂಬಿ ಹಿಡಿದಳು. ಹಿಡಿದುಕೊಂಡೇ ಜಾರಿ ಮೆಟ್ಟಿಲಿನ ಮೇಲೆ ಕೂತಳು. ಏಳಲು ನೋಡಿದಳು. ಎಡಗಾಲೂ ನಡುಗಿತು. ಫೋನ್ ತೆಗೆದಳು, ಹುಶಂಗನಿಗೆ ಏನು ಹೇಳುವುದು ಎಂದು ತಿಳಿಯದೆ ಮತ್ತೆ ಚೀಲಕ್ಕೆ ಹಾಕಿದಳು. ಅರ್ಧ ಗಂಟೆ ಹಾಗೇ ಕೂತಳು. ಗುಲಾಬಿ ಗಿಡಗಳಿಗೆ ನೀರು ಬಿಟ್ಟಿದ್ದರು. ಜನ ಅವಳನ್ನು ಬಳಸಿಕೊಂಡು ಹತ್ತಿ ಇಳಿಯುತ್ತಿದ್ದರು. ತೋಟ ನೋಡುತ್ತ ಕೂತ ಹೆಂಗಸು ಅಂದುಕೊಂಡಿರಬೇಕು.

ಯದುಲ್ಲಾ ಹೊರಗೆ ಬಂದವನು ನೇರವಾಗಿ, ಯಾವ ಕಾಲನ್ನೂ ಎಳೆಯದೆ ಇಳಿದು ಬಂದು ಅವಳಿಂದ ಒಂದು ಮಾರು ದೂರದಲ್ಲಿ ಕೂತ.

"ಏನಾಯ್ತು?" ಅಂದಳು.

"ಮೂರು. 'ಡ್ರೈವರ್ ಸಾಹೇಬ್ರೇ, ನಿಮ್ಮ ಕುಂಟು ಬಾಗಿಲ ತನಕ ಬಂತು, ಒಳಗೆ ಬರೋಕೆ ಮರೆತುಬಿಡ್ತು' ಅಂದ್ರು. ಮರ್ಯಾದೆ ಹೋಯ್ತು. ನಿಮ್ಮದು?"

"ಐದು."

"ಐದಕ್ಕೆ ಹೀಗೆ ಕೂರಬೇಕಾ?"

ಅವನು ಅವಳ ಕಾಲು ನೋಡಿದ, ಕಂಬಿ ಹಿಡಿದ ಕೈ ನೋಡಿದ. ಆಮೇಲೆ ಗುಲಾಬಿ ಗಿಡಗಳ ಕಡೆ ನೋಡುತ್ತಲೇ ಶುರುಮಾಡಿದ.

"ಕಾಲು ಚೆನ್ನಾಗಿದೆ ಅಕ್ಕಾ. ಕೆಟ್ಟಿರೋದು ಕಣ್ಣು. ಬೆಳಗ್ಗೆ ಸರಿ ಇರುತ್ತೆ. ಮಧ್ಯಾಹ್ನ ಬಿಸಿಲಲ್ಲಿ ಮೂರು ಗಂಟೆ ಸ್ಟೇರಿಂಗ್ ಹಿಡಿದ ಮೇಲೆ ಎಲ್ಲಾ ಎರಡೆರಡು. ಎರಡು ಬಸ್ಸು, ಎರಡು ದೀಪದ ಕಂಬ. ಒಂದು ಕಣ್ಣು ಮುಚ್ಚಿಕೊಂಡು ಓಡಿಸ್ತೀನಿ. ಹೋದ ತಿಂಗಳು ರಸ್ತೆ ದಾಟ್ತಾ ಒಂದು ಹೆಂಗಸು, ಕೈಯಲ್ಲಿ ಮಗು. ನನಗೆ ಇಬ್ಬರು ಕಂಡ್ರು. ಇಲ್ಲದೇ ಇರೋಳನ್ನ ತಪ್ಪಿಸೋಕೆ ಹೋಗಿ ಇರೋಳ ಕಡೆ ತಿರುಗಿಸಿದೆ."

"ಅಯ್ಯೋ ದೇವರೇ. ಆಮೇಲೆ?"

"ಬ್ರೇಕ್ ಹಿಡೀತು. ಅವಳು ಬೈದು ಹೋದ್ಲು. ಬಸ್ಸಿನಲ್ಲಿದ್ದೋರೂ ಬೈದ್ರು. ಯಾರಿಗೂ ಏನೂ ಆಗ್ಲಿಲ್ಲ. ನನಗೆ ಮಾತ್ರ ಅವತ್ತಿಂದ ಊಟ ಇಳೀತಿಲ್ಲ."

"ಇದನ್ನ ಒಳಗೆ ಹೇಳಿದ್ರಾ?"

"ಹೇಗೆ ಹೇಳ್ಲಿ? ಎಷ್ಟು ದಿನದಿಂದ ಅಂತ ಕೇಳ್ತಾರೆ. ಎಂಟು ತಿಂಗಳು ಅನ್ನಬೇಕು. ಎಂಟು ತಿಂಗಳು ಎರಡೆರಡು ನೋಡ್ಕೊಂಡು ಜನಾನ ಕೂರಿಸಿಕೊಂಡು ಓಡಿಸಿದೆ ಅಂತ ಯಾವ ಬಾಯಲ್ಲಿ ಹೇಳ್ಲಿ? ಕಾಲು ಅಂದ್ರೆ ಯಾರೂ ಏನೂ ಕೇಳಲ್ಲ. ಪಾಪ ಅಂತಾರೆ, ಮನೆಗೆ ಕಳಿಸ್ತಾರೆ."

ಫರಂಗೀಸಳೊಳಗಿನ ಟೀಚರ್ ಎದ್ದು ನಿಂತಳು, ಕಾಲು ಏಳದಿದ್ದರೂ. "ನಾಚಿಕೆ ಆಗಲ್ವೇನ್ರೀ ನಿಮಗೆ? ಇಷ್ಟು ದೊಡ್ಡ ಮೀಸೆ ಇಟ್ಕೊಂಡು? ಇರೋ ಕಾಯಿಲೆ ಬಚ್ಚಿಟ್ಟು ಇಲ್ಲದ ಕಾಯಿಲೆ ತೋರಿಸ್ತೀರಾ? ಏಳಿ. ಈಗಲೇ ಒಳಗೆ ಹೋಗಿ ಹೇಳಿ. ಇವತ್ತು ಮಧ್ಯಾಹ್ನ ಮತ್ತೆ ಆ ಬಸ್ ಹತ್ತಿದ್ರೆ ನಾನೇ ಹೋಗಿ ಹೇಳ್ತೀನಿ."

ಅವನು ಕೋಪ ಮಾಡಿಕೊಳ್ಳಲಿಲ್ಲ. ತಲೆ ತಗ್ಗಿಸಿ ಕೇಳಿಸಿಕೊಂಡ. ಆಮೇಲೆ ಹೇಳಿದ: "ನೀವು ಹೇಳೋದೆಲ್ಲ ಸರಿ. ಅಕ್ಕಾ, ನೀವು ಒಂದು ಸಲ ಎದ್ದು ನಿಲ್ಲಿ ನೋಡೋಣ."

ಅವಳ ಕೆನ್ನೆ ಬಿಸಿಯಾಯಿತು. ಈ ಮನುಷ್ಯ ತನ್ನನ್ನು ಆಡಿಕೊಳ್ಳುತ್ತಿಲ್ಲ, ಬರೀ ಕೇಳುತ್ತಿದ್ದಾನೆ ಎಂಬುದೇ ಅವಳಿಗೆ ಹೆಚ್ಚು ಚುಚ್ಚಿತು. ಚೀಲದಿಂದ ಫೋನ್ ತೆಗೆದು ಹುಶಂಗನಿಗೆ, "ಕೋಲು ತಗೊಂಡು ಬಾ," ಅಂದಳು.

ಹುಶಂಗ್ ಒಂದು ಕಡೆ, ಕೋಲು ಇನ್ನೊಂದು ಕಡೆ. ಮುಂದೆ ಯದುಲ್ಲಾ. ಮೂವರೂ ಹಜಾರದಲ್ಲಿ ಕಾದು ಒಳಗೆ ಬರುವ ಹೊತ್ತಿಗೆ ಬೆಳಗಿನ ಸರದಿಯೆಲ್ಲ ಮುಗಿದು, ಡಾಕ್ಟರು ಮೇಜಿನ ಮೇಲೆ ಪತ್ರಿಕೆ ಹಾಸಿ ರೊಟ್ಟಿ, ಚೀಸ್, ಹಸಿ ಸೊಪ್ಪು ಇಟ್ಟುಕೊಂಡು ಕೂತಿದ್ದರು. ಕೋಲು ನೋಡಿದರು. ಅಗಿಯುವುದನ್ನು ನಿಲ್ಲಿಸಿದರು.

ಯದುಲ್ಲಾ ಮೊದಲು ಹೇಳಿದ, ನಿಂತುಕೊಂಡೇ, ಒಂದೇ ಉಸಿರಿಗೆ. ಮುಗಿದ ಮೇಲೆ ಡಾಕ್ಟರು ಇಷ್ಟೇ ಅಂದರು: "ಬೀಗದ ಕೈ ಇದೆಯಾ, ಬಸ್ಸಿಂದು? ಇಲ್ಲಿ ಕೊಡಿ. ಡಿಪೋಗೆ ನಾನೇ ಫೋನ್ ಮಾಡ್ತೀನಿ. ನಿಮ್ಮ ಅಂಕ ಮೂರೇ ಇರುತ್ತೆ, ಅದು ಏರಲ್ಲ. ಆದ್ರೆ ಕಣ್ಣಿನ ಬಗ್ಗೆ ಬೇರೆ ಕಾಗದ ಬರೀತೀನಿ. ಅಂಕ ಹೇಳದೇ ಇರೋದನ್ನ ಕಾಗದ ಹೇಳುತ್ತೆ. ನಾಳೆ ಮಧ್ಯಾಹ್ನ ಮೂರಕ್ಕೆ ಬನ್ನಿ, ಬಿಸಿಲಲ್ಲಿ ಸುತ್ತಾಡಿಕೊಂಡು ಬನ್ನಿ. ನನಗೂ ಆ ಎರಡೆರಡು ಕಾಣ್ಬೇಕು."

ಯದುಲ್ಲಾ ಬೀಗದ ಕೈ ಮೇಜಿನ ಮೇಲಿಟ್ಟು ಹೊರಗೆ ಹೋಗಿ ಗೋಡೆಗೆ ಒರಗಿ ನಿಂತ. ಅವನು ಅಳುತ್ತಿದ್ದನೆಂದು ಹುಶಂಗ್ ಆಮೇಲೆ ಹೇಳಿದ.

"ನೀವು ಹೇಳಿ ಖಾನುಂ," ಅಂದರು ಡಾಕ್ಟರು.

ಅವಳು ಹೇಳಿದಳು. ಕೋಲು, ನದಿಯ ದಂಡೆ, ಮಂಜುನೀರಿನ ಬಟ್ಟೆ, ಮೂರು ದಿನದ ಹಾಸಿಗೆ. ಹೇಳುತ್ತ ಹೇಳುತ್ತ ಅದು ತಪ್ಪೊಪ್ಪಿಗೆಯೋ ಜಂಬವೋ ಅವಳಿಗೇ ತಿಳಿಯದೆ ಹೋಯಿತು.

"ನಿಮ್ಮ ಎಡ ಅಂಗೈಯಲ್ಲಿ ಗಂಟು ಕಟ್ಟಿದೆ," ಅಂದರು ಡಾಕ್ಟರು. "ಕೈ ಚಾಚಿಸಿದಾಗಲೇ ನೋಡಿದೆ. ಕೋಲು ಹಿಡಿಯೋರಿಗೆ ಮಾತ್ರ ಅಲ್ಲಿ ಕಟ್ಟುತ್ತೆ."

"ನೋಡಿದ್ರಾ? ಮತ್ತೆ ಯಾಕೆ ಕೇಳಲಿಲ್ಲ?"

ಅವರು ಕನ್ನಡಕ ಹುಡುಕಿದರು, ಹಣೆಯ ಮೇಲಿತ್ತು. "ಹೊರಗೆ ಇಪ್ಪತ್ತು ಜನ ಕೂತಿದ್ರು. ಐದು ಅಂತ ಬರೆದ್ರೆ ಎರಡು ಸಾಲು. ಆರು ಅಂತ ಬರೆದ್ರೆ ಆರು ಹಾಳೆ. ನೀವು ಇನ್ನೂರ ಹತ್ತು ನಡೆದ್ರಿ, ನಾನು ಇನ್ನೂರ ಹತ್ತು ಬರೆದೆ. ನೀವು ಸುಳ್ಳು ಹೇಳಿದ್ರಿ ಅನ್ನೋದಾದ್ರೆ ನಾನೂ ಜೊತೆ ಕೊಟ್ಟೆ."

"ಆರು ಬಂದ್ರೆ ಔಷಧ ನಿಲ್ಲಿಸ್ತಾರೆ ಅಂತ..."

"ಯಾರು ಹೇಳಿದ್ದು?"

"ಎಲ್ರೂ ಹೇಳ್ತಾರೆ."

"ಆರು ಬಂದ್ರೆ ಸಮಿತಿ ಕೇಳೋದು ಒಂದೇ ಪ್ರಶ್ನೆ: ಈ ಔಷಧ ಇವರಿಗೆ ಕೆಲಸ ಮಾಡ್ತಿದೆಯಾ? ಇಲ್ಲ ಅಂದ್ರೆ ನಿಲ್ಲಿಸ್ತಾರೆ, ನಿಜ. ಬೇರೆ ಇದ್ದರೆ ಕೊಡ್ತಾರೆ. ಖಾನುಂ, ನೀವು ಶಾಲೆಯವರು, ಅಂಕ ಅಂದ ಕೂಡಲೇ ನಿಮಗೆ ಅಂತ ಅಂದುಕೊಂಡ್ರಿ. ಇದು ನಿಮಗೆ ಕೊಡೋ ಅಂಕ ಅಲ್ಲ. ಔಷಧಕ್ಕೆ ಕೊಡೋದು. ಫೇಲಾಗಿರೋದು ಅದು. ನೀವು ಅದಕ್ಕೆ ಕಾಪಿ ಹೊಡೆಯೋಕೆ ಕೊಟ್ಟು ಪಾಸು ಮಾಡಿಸಿದ್ರಿ."

ಫರಂಗೀಸಳಿಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. "ಹನ್ನೊಂದು ವರ್ಷದಿಂದ ಬರ್ತಿದೀನಿ. ಒಬ್ಬರೂ ಈ ಮಾತು ಹೇಳಲಿಲ್ಲ. ಕಾಲು ಎತ್ತಿ, ಕಣ್ಣು ಮುಚ್ಚಿ, ನಡೀರಿ, ನಾಲ್ಕೂವರೆ, ಮುಂದಿನ ವರ್ಷ ಬನ್ನಿ. ಅಷ್ಟೇ."

"ಹೌದು," ಅಂದರು ಡಾಕ್ಟರು. "ಹೇಳಬೇಕಿತ್ತು."

"ಕೋಲು ಹಿಡಿದ ದಿನವೇ ಬಂದು ಹೇಳಿದ್ದಿದ್ರೆ? ಕಾಲು ಇಷ್ಟು ಹೋಗ್ತಿರಲಿಲ್ವಾ?"

ಹುಶಂಗ್ ಅವಳ ಭುಜದ ಮೇಲೆ ಕೈ ಇಟ್ಟ. ಡಾಕ್ಟರು ಸೊಪ್ಪಿನ ಒಂದು ಎಲೆಯನ್ನು ಪತ್ರಿಕೆಯ ಮೇಲೆ ಅತ್ತಿಂದಿತ್ತ ಸರಿಸಿದರು.

"ಗೊತ್ತಿಲ್ಲ. ಉಳೀತಿತ್ತೇನೋ, ಇಲ್ಲವೇನೋ. ಗೊತ್ತು ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ."

ಆಮೇಲೆ ಅವರು ಬೆಳಗಿನ ಕಾಗದ ತೆಗೆದು ಅಡ್ಡಗೆರೆ ಎಳೆದರು. ಶನಿವಾರ ಮಧ್ಯಾಹ್ನ ಎರಡಕ್ಕೆ ಬರಲು ಹೇಳಿದರು. ಮಂಜುನೀರಿನ ಬಟ್ಟೆ ಇಲ್ಲದೆ, ಮನೆಯಲ್ಲಿ ಎಂದಿನ ಅಡುಗೆ ಮಾಡಿ, ಪಾತ್ರೆ ತೊಳೆದು, ಎಂದಿನ ಹಾಗೆ. "ನಿಮ್ಮ ಒಳ್ಳೆಯ ದಿನ ನೋಡಿದೆ. ಈಗ ಮಾಮೂಲಿ ದಿನ ಬೇಕು."

ಶನಿವಾರ ಅವಳು ಕೋಲಿಲ್ಲದೆ ಅರವತ್ತೈದು ಮೀಟರ್ ನಡೆದಳು. ಕೋಲು ಹಿಡಿದು ನೂರ ಹತ್ತು. ಆರು.

ಆ ದಿನ ಡಾಕ್ಟರು ಹಿಂದೆ ಎಂದೂ ಮಾಡಿಸದ ಇನ್ನೊಂದು ಕೆಲಸ ಮಾಡಿಸಿದರು. ಒಂಬತ್ತು ತೂತಿನ ಒಂದು ಪುಟ್ಟ ಹಲಗೆ, ಒಂಬತ್ತು ಗೂಟ. ಒಂದೊಂದೇ ಎತ್ತಿ ತೂತಿಗೆ ಹಾಕಬೇಕು, ಮತ್ತೆ ತೆಗೆಯಬೇಕು. ಅವರು ಗಡಿಯಾರ ಹಿಡಿದು ಕೂತರು. ಅವಳ ಬಲಗೈ ಹತ್ತೊಂಬತ್ತು ಸೆಕೆಂಡಿನಲ್ಲಿ ಮುಗಿಸಿತು.

"ನಿಮ್ಮ ಕೈಗೆ ಏನೂ ಆಗಿಲ್ಲ. ಆರೋಗ್ಯವಂತರ ಕೈ."

"ಇದಕ್ಕೆ ಎಷ್ಟು ಅಂಕ?"

"ಈ ಅಳತೆಯಲ್ಲಿ, ಇಷ್ಟು ಮೇಲೆ ಬಂದ ಮೇಲೆ, ಕೈಗೆ ಲೆಕ್ಕವಿಲ್ಲ. ಸುಸ್ತಿಗೂ ಇಲ್ಲ. ಅಳತೆ ಮಾಡಿದೋರು ಕಾಲನ್ನ ನೋಡ್ಕೊಂಡು ಮಾಡಿದ್ರು. ನನಗೂ ಇದಕ್ಕಿಂತ ಒಳ್ಳೇದು ಸಿಕ್ಕಿಲ್ಲ. ಆದ್ರೂ ಬರೆದಿಡ್ತೀನಿ."

ತಲೆ ಮತ್ತು ಬೆನ್ನಿನ ಹೊಸ ಚಿತ್ರಗಳಲ್ಲಿ, ಕತ್ತಿನ ಕೆಳಗೆ ಬೆನ್ನುಹುರಿಯಲ್ಲಿ, ಎರಡು ಹೊಸ ಕಲೆಗಳು ಕಂಡವು. ಹಳೆಯ ಔಷಧ ನಿಂತಿತು. ಸಮಿತಿ ಮುಂದಿನದನ್ನು ಒಪ್ಪಲು ಒಂಬತ್ತು ವಾರ ತೆಗೆದುಕೊಂಡಿತು. ಆ ಒಂಬತ್ತು ವಾರ ಫರಂಗೀಸ್ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ದಿನವೂ ತಿಂಗಳುಗಳನ್ನು ಎಣಿಸುತ್ತಿದ್ದಳು: ಕೋಲು ಹಿಡಿದದ್ದು ಯಾವಾಗ, ಅಂದೇ ಬಂದಿದ್ದರೆ ಯಾವಾಗ ಚಿತ್ರ ತೆಗೆಯುತ್ತಿದ್ದರು, ಯಾವಾಗ ಔಷಧ ಬದಲಾಗುತ್ತಿತ್ತು. ಹುಶಂಗ್ ಒಂದು ಸಲವೂ "ನಾನು ಮೊದಲೇ ಹೇಳಿರಲಿಲ್ವಾ" ಅನ್ನಲಿಲ್ಲ. ಒಮ್ಮೆ ಅವಳೇ ರೇಗಿ, "ಹೇಳಿಬಿಡು, ಹೊಟ್ಟೆಯಲ್ಲಿ ಇಟ್ಟುಕೋಬೇಡ," ಅಂದಳು. ಅವನು ಸ್ವಲ್ಪ ಯೋಚಿಸಿ, "ನಾನೂ ಟೇಪು ಹಿಡಿದೆನಲ್ಲ," ಅಂದ. ಅವತ್ತು ಅವಳು ಅತ್ತಳು.

ಶರತ್ಕಾಲದಲ್ಲಿ ಶಾಲೆ ತೆರೆದಾಗ ಮುಖ್ಯೋಪಾಧ್ಯಾಯಿನಿಗೆ ನಿಜ ಹೇಳಿದಳು. ಆ ಹೆಂಗಸು ಗಾಬರಿಯಾಗಿ ಎದ್ದು ನಿಂತು, ಅವಳನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿ, ಗ್ರಂಥಾಲಯದ ಕೆಲಸ ಕೊಡುತ್ತೇನೆ ಎಂದರು. ಫರಂಗೀಸ್ ಒಪ್ಪಲಿಲ್ಲ. ಕೊನೆಗೆ ವಾರಕ್ಕೆ ಹತ್ತು ಗಂಟೆ, ಮೈದಾನದ ನೆರಳಿನಲ್ಲಿ ಕುರ್ಚಿ, ಎಂದು ತೀರ್ಮಾನವಾಯಿತು. ಮೊದಲ ದಿನವೇ ಹುಡುಗಿಯರಿಗೂ ಹೇಳಿದಳು. ಆಮೇಲೆ ಹಿಂದಿನ ಸಾಲಿನ ಒಬ್ಬಳು, "ಖಾನುಂ, ಹಾಗಾದ್ರೆ ಹೋದ ವರ್ಷ ನಮ್ಮ ಜೊತೆ ಓಡಿದ್ರಲ್ಲ, ಆಗಲೂ ಇತ್ತಾ?" ಎಂದು ಕೇಳಿದಳು. ಇತ್ತು ಅಂದಳು. "ಹೇಳಿದ್ರೆ ನಿಧಾನ ಓಡ್ತಿದ್ವಿ," ಅಂದಳು ಹುಡುಗಿ.

ಹೊಸ ಔಷಧ ಆರನ್ನು ಕೆಳಗೆ ತರಲಿಲ್ಲ. ಹಾಗೆ ತರುತ್ತದೆಂದು ಡಾಕ್ಟರು ಹೇಳಿಯೂ ಇರಲಿಲ್ಲ. ಮರುವರ್ಷ ಮಧ್ಯಾಹ್ನದ ಸರದಿಯಲ್ಲಿ, ಕೋಲು ಹಿಡಿದೇ ಒಳಗೆ ಹೋದಳು. ಆರು. ಚಿತ್ರದಲ್ಲಿ ಹೊಸ ಕಲೆ ಇಲ್ಲ. ಡಾಕ್ಟರು ಆ ಅಂಕದ ಕೆಳಗೆ ತಮ್ಮ ಕೈಬರಹದಲ್ಲಿ ನಾಲ್ಕು ಸಾಲು ಬರೆದರು: ಅಡುಗೆ ಮಾಡಿದ ಮೇಲೆ ಒಂದೂವರೆ ಗಂಟೆ ಮಲಗುತ್ತಾರೆ, ಮೆಟ್ಟಿಲು ಕಂಬಿ ಇದ್ದರೆ ಹತ್ತುತ್ತಾರೆ, ಕೈ ಚುರುಕು, ವಾರಕ್ಕೆ ಹತ್ತು ಗಂಟೆ ಪಾಠ. ಹೊರಗಿನ ಹಜಾರದಲ್ಲಿ ಕೂತ ಎಲ್ಲರಿಗೂ ಹೀಗೆ ಬರೆಯುತ್ತೀರಾ ಎಂದು ಅವಳು ಕೇಳಿದಳು. "ಸಮಯ ಸಿಕ್ಕಿದಾಗ," ಅಂದರು. ಅಷ್ಟಕ್ಕೇ ಬಿಡದೆ ಅವಳು, "ಸಿಗಿಸಿಕೊಳ್ಳಿ," ಅಂದಳು.

ಯದುಲ್ಲಾನಿಗೆ ನಿವೃತ್ತಿ ಸಿಗಲಿಲ್ಲ. ಆದರೆ ಡಾಕ್ಟರ ಕಾಗದದ ಬಲದಿಂದ ಬಸ್ಸಿನಿಂದ ಇಳಿಸಿ ಡಿಪೋದ ಕೋಣೆಯಲ್ಲಿ ಬಸ್ಸುಗಳ ವೇಳಾಪಟ್ಟಿ ನೋಡುವ ಕೆಲಸ ಕೊಟ್ಟರು. ಎಂಟು ತಿಂಗಳ ವಿಷಯಕ್ಕೆ ಒಂದು ಎಚ್ಚರಿಕೆಯ ಪತ್ರವೂ ಬಂತು. ಅದನ್ನು ಅವನು ಮಡಚಿ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದ. ಒಂದು ಶುಕ್ರವಾರ ಅವನೂ ಹೆಂಡತಿ ಬತೂಲ್‌ಳೂ ಒಂದು ಬುಟ್ಟಿ ದಾಳಿಂಬೆ ಹಿಡಿದು ಇವರ ಮನೆಗೆ ಊಟಕ್ಕೆ ಬಂದರು. ಫರಂಗೀಸ್ ಬೆಳಗ್ಗೆಯಿಂದ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು ಅಕ್ರೋಟು ದಾಳಿಂಬೆ ರಸದ ಸಾರು ಕುದಿಸಿದ್ದಳು. ಊಟ ಮುಗಿಯಿತು, ಚಹಾ ಬಂತು. ಯದುಲ್ಲಾ ಡಿಪೋದ ಡ್ರೈವರುಗಳು ಹೇಳುವ ಸುಳ್ಳುಗಳನ್ನು ಒಂದೊಂದಾಗಿ ವರ್ಣಿಸುತ್ತಿದ್ದ. "ಎಲ್ಲಾ ಟ್ರಾಫಿಕ್ ಅಂತಾರೆ. ನನಗೇ ಹೇಳ್ತಾರಲ್ಲ ಅಕ್ಕಾ, ಇಪ್ಪತ್ತಾರು ವರ್ಷ ಅದನ್ನೇ ಹೇಳ್ಕೊಂಡು ಬಂದೋನಿಗೆ!"

ಎಲ್ಲರ ಜೊತೆ ನಗುತ್ತಿದ್ದಂತೆ ಫರಂಗೀಸಳಿಗೆ ಆ ಸುಸ್ತು ಬಂತು. ಕಣ್ಣಿನ ಹಿಂದಿನಿಂದ, ಭುಜಗಳಿಂದ, ಒದ್ದೆ ಕಂಬಳಿ ಹೊದಿಸಿದ ಹಾಗೆ. ಅತಿಥಿಗಳನ್ನು ಕೂರಿಸಿ ಎದ್ದು ಹೋಗುವುದನ್ನು ಅವಳ ತಾಯಿ ಹೆರಿಗೆಯ ನೋವಿನಲ್ಲೂ ಮಾಡಿದವಳಲ್ಲ. ಇಷ್ಟು ವರ್ಷ ಇಂಥ ಹೊತ್ತಿನಲ್ಲಿ ಫರಂಗೀಸ್ ಇನ್ನೊಂದು ಸುತ್ತು ಚಹಾ ತರುತ್ತಿದ್ದಳು, ಗೋಡೆ ಹಿಡಿದಾದರೂ.

"ನಾನು ಸ್ವಲ್ಪ ಮಲಗ್ತೀನಿ," ಅಂದಳು. "ನೀವು ಹೋಗಬೇಡಿ. ಹಣ್ಣು ತಿನ್ನಿ, ಮಾತಾಡ್ತಿರಿ. ನಾನು ಒಂದೂವರೆ ಗಂಟೆ ಬಿಟ್ಟು ಏಳ್ತೀನಿ."

ಬತೂಲ್ ಮರ್ಯಾದೆಗೆ ಏಳಲು ಹೋದಳು. ಯದುಲ್ಲಾ ಅವಳ ತೋಳು ಹಿಡಿದು ಕೂರಿಸಿದ. "ಕೂತ್ಕೋ. ಅವರು ಮಲಗ್ತೀನಿ ಅಂದ್ರೆ ಮಲಗ್ತಾರೆ."

ಒಳಕೋಣೆಯಲ್ಲಿ ಅವಳು ಬಾಗಿಲು ಅರ್ಧ ತೆರೆದೇ ಮಲಗಿದಳು. ಹುಶಂಗ್ ದಾಳಿಂಬೆ ಒಡೆಯುವ ಸದ್ದು, ಬತೂಲ್ ಹೊಲಿಗೆ ಯಂತ್ರದ ಬೆಲ್ಟಿನ ಬಗ್ಗೆ ಏನೋ ಕೇಳಿದ್ದು, ಅವನು ಎಂದಿಗಿಂತ ಉದ್ದವಾಗಿ ಉತ್ತರ ಕೊಟ್ಟಿದ್ದು, ಎಲ್ಲ ಕೇಳುತ್ತಿತ್ತು. ಬೆಲ್ಟ್ ಸಡಿಲ ಇರಬೇಕು, ತಂದುಕೊಡಿ ನೋಡ್ತೀನಿ ಎನ್ನುತ್ತಿದ್ದ. ಅದರ ಮುಂದಿನ ಮಾತು ಕೇಳುವ ಮೊದಲೇ ಅವಳಿಗೆ ನಿದ್ದೆ ಬಂತು.